ತೇಲುವುದನ್ನು ಚೆಲ್ಲಬೇಡಿ: ಕ್ಯಾಸ್ಪೇಸ್-8 ಬ್ಲಾಟ್ ಮಾಡುವುದು ಹೇಗೆ

ಮೊದಲ ಸಲ ಕ್ಯಾಸ್ಪೇಸ್-8 ಅನ್ನುವ ಪ್ರೋಟೀನ್‌ಗೆ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಆ್ಯಂಟಿಬಾಡಿಯಿಂದ ಹುಡುಕುವುದು) ಮಾಡಿದಾಗ ನನ್ನ ಮೂರು ದಿನದ ಕೆಲಸ ಸಿಂಕ್ ಪಾಲಾಯಿತು. ಅದೂ ನನಗೆ ಗೊತ್ತೇ ಆಗದ ಹಾಗೆ. ಔಷಧಿ ಹಾಕಿದ್ದ ಡಿಶ್‌ನಲ್ಲಿ ಅರ್ಧಕ್ಕರ್ಧ ಜೀವಕೋಶಗಳು ಸತ್ತು ಮೇಲೆ ತೇಲುತ್ತಿದ್ದವು. ಹಳೇ ಮೀಡಿಯಾ ತಾನೇ ಅಂತ ಹೀರಿ ತೆಗೆದೆ. ಎರಡು ಸಲ ಪಿಬಿಎಸ್ ಅನ್ನುವ ಉಪ್ಪುನೀರಿನಲ್ಲಿ ನೀಟಾಗಿ ತೊಳೆದೆ. ತಳದಲ್ಲಿ ಅಂಟಿಕೊಂಡಿದ್ದನ್ನು ಕೆರೆದು, ಒಡೆದು ಲೈಸೇಟ್ ಮಾಡಿದೆ. ಬ್ಲಾಟ್ ನೋಡಿದರೆ ಔಷಧಿ ಹಾಕಿದ ಲೇನೂ ಒಂದೇ, ಹಾಕದ ಲೇನೂ ಒಂದೇ. ಸೀನಿಯರ್ ಒಬ್ಬರು ಫಿಲ್ಮ್ ಅನ್ನು ಕಿಟಕಿ ಬೆಳಕಿಗೆ ಹಿಡಿದು ಕೇಳಿದರು: "ಸತ್ತವರನ್ನೆಲ್ಲ ಹೊರಗೆ ಹಾಕಿ, ಬದುಕಿರೋರನ್ನ ಕೂರಿಸಿಕೊಂಡು ನೀವ್ಯಾಕೆ ಸಾಯಲಿಲ್ಲ ಅಂತ ಕೇಳ್ತಿದ್ದೀಯಲ್ಲಮ್ಮ?"

ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ನಾನು ಮೈಸೂರಿನ ಒಂದು ಲ್ಯಾಬ್‌ನಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್. ದಿನಾ ಪಾಂಡವಪುರದಿಂದ ಬೆಳಗಿನ ರೈಲು ಹತ್ತಿ ಬರುತ್ತೇನೆ. ವರ್ಷ ವರ್ಷ ಎಂಎಸ್ಸಿ ಪ್ರಾಜೆಕ್ಟ್‌ಗೆ ಅಂತ ಮಕ್ಕಳು ಬರುತ್ತಾರೆ. ಅದರಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವರು ಜಾಸ್ತಿ. ಪ್ರೋಟೊಕಾಲ್ ಹಾಳೆ ಕೊಟ್ಟರೆ ಎಲ್ಲ ಅರ್ಥವಾದ ಹಾಗೆ ತಲೆ ಆಡಿಸುತ್ತಾರೆ. ಆಮೇಲೆ ಕಾರಿಡಾರ್‌ನಲ್ಲಿ ಸಿಕ್ಕಿ "ಅಕ್ಕಾ, ಇದು ಹೀಗ್ಯಾಕೆ?" ಅಂತ ಮೆಲ್ಲಗೆ ಕೇಳುತ್ತಾರೆ. ಅವರಿಗೆ ಕಾರಿಡಾರ್‌ನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ವೆಸ್ಟರ್ನ್ ಬ್ಲಾಟ್ ಅಂದರೇನು ಅಂತ ಒಂದಿಷ್ಟು ಗೊತ್ತಿರುವವರಿಗೆ ಇದು.

ಹುಡುಕುತ್ತಿರುವುದು ಏನನ್ನು?

ಕ್ಯಾಸ್ಪೇಸ್-8 ಒಂದು ಕತ್ತರಿ. 479 ಅಮೈನೊ ಆಮ್ಲಗಳ ಒಂದು ಎಳೆ. ಮುಂಭಾಗದಲ್ಲಿ ಬೇರೆ ಪ್ರೋಟೀನ್‌ಗಳಿಗೆ ತಗುಲಿಕೊಳ್ಳಲು ಎರಡು ಕೊಕ್ಕೆ, ಹಿಂಭಾಗದಲ್ಲಿ ಕತ್ತರಿಸುವ ಬಾಯಿ. ಆ ಬಾಯಲ್ಲಿ ಕೆಲಸ ಮಾಡುವುದು ಒಂದು ಸಿಸ್ಟೀನ್. ಅದು ಕಚ್ಚುವುದು ಆಸ್ಪಾರ್ಟೇಟ್ ಆದ ಕೂಡಲೇ ಸಿಗುವ ಜಾಗದಲ್ಲಿ. ಸಿಸ್ಟೀನ್‌ನ 'ಸಿ', ಆಸ್ಪಾರ್ಟೇಟ್‌ನ 'ಆಸ್ಪ್', ಎಂಜೈಮ್‌ಗಳ ಹೆಸರಿನ ಕೊನೆಗೆ ಬರುವ 'ಏಸ್'. ಮೂರನ್ನೂ ಸೇರಿಸಿ ಕ್ಯಾಸ್ಪೇಸ್ ಅಂದರು. 1996ರಲ್ಲಿ ಬೇರೆ ಬೇರೆ ಗುಂಪುಗಳು ಇದನ್ನು ಒಟ್ಟೊಟ್ಟಿಗೆ ಪತ್ತೆ ಮಾಡಿದವು. ಹಾಗಾಗಿ ಹಳೇ ಪೇಪರ್‌ಗಳಲ್ಲಿ ಫ್ಲೈಸ್, ಮ್ಯಾಕ್ ಅಂತ ಬೇರೆ ಹೆಸರು ಕಂಡರೆ ಗೊಂದಲ ಬೇಡ, ಎಲ್ಲ ಇದೇ.

ಪುಸ್ತಕದಲ್ಲಿ ಇದನ್ನು ಸಾವಿನ ಎಂಜೈಮ್ ಅಂತ ಒಂದೇ ಗೆರೆಯಲ್ಲಿ ಮುಗಿಸುತ್ತಾರೆ. ಅರ್ಧ ಸತ್ಯ. ನಮ್ಮ ತಾತ ನೀರುಗಂಟಿಯಾಗಿದ್ದರು. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ಊರವರ ಕಣ್ಣಿಗೆ ಬೀಳುತ್ತಿದ್ದ ಕೆಲಸ. ಕಣ್ಣಿಗೆ ಬೀಳದ ಇನ್ನೊಂದು ಕೆಲಸ ಇತ್ತು. ಮಳೆಗಾಲದ ರಾತ್ರಿ ಲಾಟೀನು ಹಿಡಿದು ಕೆರೆ ಏರಿ ಮೇಲೆ ಓಡಾಡುತ್ತಿದ್ದರು. ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಏಡಿ ಬಿಲ ತೋಡಿದೆ ಅಂತ ನೋಡಿ ಮಣ್ಣು ಮೆತ್ತಿ ಬರುತ್ತಿದ್ದರು. ಕ್ಯಾಸ್ಪೇಸ್-8ಗೂ ಹೀಗೇ ಎರಡು ಕೆಲಸ. ಒಂದು, ಜೀವಕೋಶ ಸದ್ದಿಲ್ಲದೆ ಸಾಯುವ ದಾರಿ ತೆರೆಯುವುದು. ಅದು ಅಪೊಪ್ಟೋಸಿಸ್. ಜೀವಕೋಶ ತನ್ನನ್ನು ತಾನೇ ತುಂಡು ಮಾಡಿಕೊಂಡು, ಪೊಟ್ಟಣ ಕಟ್ಟಿಕೊಂಡು, ಅಕ್ಕಪಕ್ಕದವರಿಗೆ ಗೊತ್ತಾಗದ ಹಾಗೆ ಹೋಗುತ್ತದೆ. ಇನ್ನೊಂದು, ಏರಿ ಒಡೆಯದ ಹಾಗೆ ಕಾಯುವುದು. ಏರಿ ಒಡೆದರೆ ಅದು ನೆಕ್ರೊಪ್ಟೋಸಿಸ್. ಜೀವಕೋಶ ಉಬ್ಬಿ ಒಡೆದು ಒಳಗಿನದೆಲ್ಲ ಹೊರಗೆ ಚೆಲ್ಲುತ್ತದೆ. ಅದನ್ನು ಕಂಡು ರೋಗನಿರೋಧಕ ಕೋಶಗಳು ಓಡಿಬರುತ್ತವೆ, ಉರಿಯೂತ ಶುರುವಾಗುತ್ತದೆ.

ಏರಿ ಒಡೆಯುವವರು ಮೂವರು: ರಿಪ್‌ಕೆ1, ರಿಪ್‌ಕೆ3, ಎಂಎಲ್‌ಕೆಎಲ್. ಮೊದಲಿನವರಿಬ್ಬರೂ ಕೈನೇಸ್, ಅಂದರೆ ಫಾಸ್ಫೇಟ್ ಅಂಟಿಸುವ ಎಂಜೈಮ್. ರಿಪ್‌ಕೆ1 ಹೋಗಿ ರಿಪ್‌ಕೆ3ನ್ನು ಎಬ್ಬಿಸುತ್ತದೆ, ಅದು ಎಂಎಲ್‌ಕೆಎಲ್‌ಗೆ ಫಾಸ್ಫೇಟ್ ಹಾಕುತ್ತದೆ. ಎಂಎಲ್‌ಕೆಎಲ್ ಹೋಗಿ ಜೀವಕೋಶದ ಪೊರೆಯನ್ನು ತೂತು ಮಾಡುತ್ತದೆ. ಕ್ಯಾಸ್ಪೇಸ್-8 ಎಚ್ಚರವಾಗಿದ್ದಷ್ಟು ಹೊತ್ತು ರಿಪ್‌ಕೆ1 ಅನ್ನು 324ನೇ ಆಸ್ಪಾರ್ಟೇಟ್ ಹತ್ತಿರ ಕತ್ತರಿಸಿ ಹಾಕುತ್ತಿರುತ್ತದೆ. ಸಾಲು ಮುಂದೆ ಸಾಗುವುದಿಲ್ಲ.

ಇದು ಬರೀ ಹೋಲಿಕೆಯ ಮಾತಲ್ಲ. ಕ್ಯಾಸ್ಪೇಸ್-8 ತೆಗೆದುಹಾಕಿದ ಇಲಿಮರಿ ಹುಟ್ಟುವುದೇ ಇಲ್ಲ, ಗರ್ಭದಲ್ಲಿ ಹನ್ನೊಂದನೇ ದಿನದ ಆಸುಪಾಸಿನಲ್ಲಿ ಸಾಯುತ್ತದೆ. ಸಾವಿನ ಎಂಜೈಮ್ ಇಲ್ಲದಿದ್ದರೆ ಸಾವು ಕಡಿಮೆಯಾಗಬೇಕಿತ್ತು, ಅಲ್ವಾ? 2011ರಲ್ಲಿ ಉತ್ತರ ಸಿಕ್ಕಿತು. ಅದೇ ಇಲಿಯಲ್ಲಿ ರಿಪ್‌ಕೆ3 ಕೂಡ ತೆಗೆದರೆ ಮರಿ ಹುಟ್ಟುತ್ತದೆ, ಬೆಳೆಯುತ್ತದೆ. ಮರಿಯನ್ನು ಕೊಲ್ಲುತ್ತಿದ್ದುದು ಒಡೆದ ಏರಿ. ಮನುಷ್ಯರಲ್ಲೂ ಸುಳಿವು ಇದೆ. 2002ರಲ್ಲಿ ಒಂದೇ ಕುಟುಂಬದ ಇಬ್ಬರು ಮಕ್ಕಳಲ್ಲಿ ಕ್ಯಾಸ್ಪೇಸ್-8 ಜೀನ್ ಕೆಟ್ಟಿರುವುದು ಗೊತ್ತಾಯಿತು. ಅವರ ಬಿಳಿ ರಕ್ತಕಣಗಳು ಸಾಯಬೇಕಾದಾಗ ಸರಿಯಾಗಿ ಸಾಯುತ್ತಿರಲಿಲ್ಲ, ಎಚ್ಚರವಾಗಬೇಕಾದಾಗ ಎಚ್ಚರವೂ ಆಗುತ್ತಿರಲಿಲ್ಲ. ಪದೇ ಪದೇ ಸೋಂಕು. 2019ರ ಕೊನೆಗೆ ಇನ್ನೊಂದು ಬಂತು. ರಿಪ್‌ಕೆ1ರ ಆ 324ನೇ ಜಾಗವೇ ಬದಲಾಗಿ ಕತ್ತರಿ ಹಿಡಿಯಲಾಗದ ಹಾಗಾದವರಿಗೆ ಚಿಕ್ಕಂದಿನಿಂದ ಸುಮ್ನೆ ಸುಮ್ನೆ ಜ್ವರ ಬರುತ್ತದೆ, ದುಗ್ಧಗ್ರಂಥಿ ಊದಿಕೊಳ್ಳುತ್ತದೆ. ಒಂದು ಅಮೈನೊ ಆಮ್ಲ, ನೋಡಿ.

ಹಾಗಾದರೆ ದೇಹ ಈ ಒಡೆಯುವ ದಾರಿಯನ್ನು ಯಾಕೆ ಇಟ್ಟುಕೊಂಡಿದೆ? ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ನನಗೆ ಇಷ್ಟವಾದದ್ದು ಇದು. ಕೆಲವು ವೈರಸ್‌ಗಳು ಕ್ಯಾಸ್ಪೇಸ್-8ರ ಬಾಯಿ ಕಟ್ಟುತ್ತವೆ. ಜೀವಕೋಶ ಸತ್ತರೆ ತಮಗೂ ಮನೆ ಇಲ್ಲ ಅಂತ. ಹಸುವಿನ ಸಿಡುಬಿನ ವೈರಸ್‌ನಲ್ಲಿ ಇದಕ್ಕೆಂದೇ ಸಿಆರ್‌ಎಂಎ ಅಂತ ಒಂದು ಪ್ರೋಟೀನ್ ಇದೆ. ಆಗ ಜೀವಕೋಶಕ್ಕೆ ಉಳಿಯುವುದು ಒಡೆದು ಕೂಗು ಹಾಕುವ ದಾರಿ ಒಂದೇ. (ಹಸುವಿನ ಸಿಡುಬು ಅಂದಾಗ ಮೈಸೂರಿನವರಿಗೆ ಒಂದು ಚಿತ್ರ ನೆನಪಾಗಬೇಕು. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಬರೆದದ್ದು, ಅರಮನೆಯ ಮೂವರು ಹೆಂಗಸರು ಇದ್ದಾರೆ. ಒಬ್ಬರು ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಸಿಡುಬಿನ ಲಸಿಕೆಗೆ ಪ್ರಚಾರ ಅಂತ ಒಬ್ಬ ಚರಿತ್ರೆಕಾರರು ಹೇಳುತ್ತಾರೆ. ಬ್ಲಾಟ್‌ಗೂ ಇದಕ್ಕೂ ಸಂಬಂಧ ಇಲ್ಲ, ಇನ್‌ಕ್ಯುಬೇಷನ್ ಹೊತ್ತಿನಲ್ಲಿ ಹೇಳಲು ಚೆನ್ನಾಗಿರುತ್ತದೆ.)

ಇಷ್ಟು ಹೇಳಿದ್ದು ಯಾಕೆಂದರೆ, ಈ ಬ್ಲಾಟ್‌ನಲ್ಲಿ "ಕ್ಯಾಸ್ಪೇಸ್-8 ಇದೆಯಾ?" ಅನ್ನುವುದು ಪ್ರಶ್ನೆಯೇ ಅಲ್ಲ. ಬದುಕಿರುವ ಜೀವಕೋಶದಲ್ಲೂ ಅದು ಇರುತ್ತದೆ. ಇಡಿಯಾಗಿದೆಯೋ, ತುಂಡಾಗಿದೆಯೋ? ತುಂಡಾಗಿದ್ದರೆ ಎಷ್ಟು ದೂರ ತುಂಡಾಗಿದೆ? ಪಕ್ಕದಲ್ಲಿ ರಿಪ್‌ಕೆ1 ಏನಾಗಿದೆ? ಇದು ಪ್ರಶ್ನೆ.

ಐದು ಡಿಶ್ ಇಡಿ

ನಾವು ಬಳಸುವುದು ಎಚ್‌ಟಿ-29. ಮನುಷ್ಯರ ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಬಂದ ಜೀವಕೋಶ. ಪುಣೆಯ ನ್ಯಾಷನಲ್ ಸೆಂಟರ್ ಫಾರ್ ಸೆಲ್ ಸೈನ್ಸ್‌ನಿಂದ ತರಿಸಬಹುದು. ಎರಡು ದಾರಿಯೂ ಇದರಲ್ಲಿ ತೆರೆದಿದೆ, ಅದಕ್ಕೇ ಇದು. ಒಂದು ವರ್ಷ ಒಬ್ಬ ಹುಡುಗಿ ಫ್ರೀಜರ್‌ನಲ್ಲಿ ಹೀಲಾ (ಗರ್ಭಕಂಠದ ಕ್ಯಾನ್ಸರ್‌ನಿಂದ ಬಂದ ಜೀವಕೋಶ) ಇದೆಯಲ್ಲ ಅಂತ ಅದರಲ್ಲೇ ಶುರು ಮಾಡಿದಳು. ಅಪೊಪ್ಟೋಸಿಸ್ ಚೆನ್ನಾಗಿ ಬಂತು. ನೆಕ್ರೊಪ್ಟೋಸಿಸ್‌ಗೆ ಮೂರು ವಾರ ಕಾದಳು. ಡೋಸ್ ಏರಿಸಿದಳು, ಹೊಸ ಔಷಧಿ ತರಿಸಿದಳು, ಅತ್ತಳು. ಹೀಲಾದಲ್ಲಿ ರಿಪ್‌ಕೆ3 ಇಲ್ಲ ಕಣಮ್ಮ. ಏರಿ ಒಡೆಯುವವರೇ ಊರಲ್ಲಿಲ್ಲ. ನಿಮ್ಮ ಜೀವಕೋಶದಲ್ಲಿ ರಿಪ್‌ಕೆ3 ಮತ್ತು ಎಂಎಲ್‌ಕೆಎಲ್ ಇದೆಯಾ ಅಂತ ಮೊದಲೇ ಒಂದು ಸಾದಾ ಬ್ಲಾಟ್ ಹಾಕಿ ನೋಡಿಕೊಳ್ಳಿ.

ಹಿಂದಿನ ದಿನ 60 ಮಿಲಿಮೀಟರ್ ಡಿಶ್ ಐದಕ್ಕೆ ತಲಾ ಹತ್ತು ಲಕ್ಷ ಜೀವಕೋಶ ಹಾಕಿ. ಮಾರನೇ ದಿನ ಹೀಗೆ:

ಮೊದಲನೆಯದಕ್ಕೆ ಬರೀ ಡಿಎಂಎಸ್‌ಒ. ಔಷಧಿಗಳನ್ನು ಕರಗಿಸಿರುವುದು ಅದರಲ್ಲೇ, ಹಾಗಾಗಿ ಐದರಲ್ಲೂ ಡಿಎಂಎಸ್‌ಒ ಅಳತೆ ಒಂದೇ ಇರಬೇಕು. ಎರಡನೆಯದಕ್ಕೆ ಬರೀ ಟಿಎನ್‌ಎಫ್, ಮಿಲಿಲೀಟರ್‌ಗೆ 20 ನ್ಯಾನೊಗ್ರಾಂ. ಮೂರನೆಯದಕ್ಕೆ ಟಿಎನ್‌ಎಫ್ ಜೊತೆ ಸ್ಮ್ಯಾಕ್ ಮಿಮೆಟಿಕ್, 100 ನ್ಯಾನೊಮೋಲಾರ್. ನಾಲ್ಕನೆಯದಕ್ಕೆ ಇವೆರಡರ ಜೊತೆ ಜೀವ್ಯಾಡ್, 20 ಮೈಕ್ರೊಮೋಲಾರ್. ಐದನೆಯದಕ್ಕೆ ಈ ಮೂರೂ, ಮೇಲೆ ನೆಕ್ರೊಸ್ಟಾಟಿನ್-1ಎಸ್. ಜೀವ್ಯಾಡ್ ಮತ್ತು ನೆಕ್ರೊಸ್ಟಾಟಿನ್ ಅರ್ಧ ಗಂಟೆ ಮುಂಚೆ ಹೋಗಲಿ, ಟಿಎನ್‌ಎಫ್ ಕೊನೆಗೆ. ಇವು ಶುರು ಮಾಡಲು ಅಳತೆ ಅಷ್ಟೇ. ನಿಮ್ಮ ಬಾಟಲಿಗೆ, ನಿಮ್ಮ ಜೀವಕೋಶಕ್ಕೆ ಒಂದು ಸಲ ಏರಿಸಿ ಇಳಿಸಿ ನೋಡಲೇಬೇಕು.

ಯಾವುದಕ್ಕೆ ಯಾಕೆ? ಟಿಎನ್‌ಎಫ್ ಅಂದರೆ ಟ್ಯೂಮರ್ ನೆಕ್ರೋಸಿಸ್ ಫ್ಯಾಕ್ಟರ್. ಗಡ್ಡೆಯನ್ನು ಕೊಲ್ಲುವ ವಸ್ತು ಅಂತ 1975ರಲ್ಲಿ ಈ ಹೆಸರು ಬಿತ್ತು. ಆದರೆ ಬರೀ ಅದನ್ನು ಹಾಕಿದರೆ ಬಹುಪಾಲು ಜೀವಕೋಶಗಳು ಸಾಯುವುದಿಲ್ಲ. ಆಗ ರಿಪ್‌ಕೆ1 ಮೇಲೆ ಯುಬಿಕ್ವಿಟಿನ್ ಅನ್ನುವ ಚಿಕ್ಕ ಪ್ರೋಟೀನ್‌ಗಳ ಸರಪಳಿ ಕೂರುತ್ತದೆ, ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾ-ಬಿ ಎಚ್ಚರವಾಗುತ್ತದೆ, "ಬದುಕು, ಉರಿಯೂತ ಎಬ್ಬಿಸು" ಅಂತ ಹುಕುಂ ಹೋಗುತ್ತದೆ. ಅದೇ ಪ್ರೋಟೀನ್, ಮೈಮೇಲೆ ಸರಪಳಿ ಇದ್ದರೆ ಬದುಕಿನ ಕಡೆ, ಇಲ್ಲದಿದ್ದರೆ ಸಾವಿನ ಕಡೆ. ಸ್ಮ್ಯಾಕ್ ಮಿಮೆಟಿಕ್ ಆ ಸರಪಳಿ ಹಾಕುವವರನ್ನು ಇಲ್ಲವಾಗಿಸುತ್ತದೆ. ಆಗ ರಿಪ್‌ಕೆ1 ಬಿಡಿಸಿಕೊಂಡು ಬಂದು ಕ್ಯಾಸ್ಪೇಸ್-8 ಜೊತೆ ಸೇರುತ್ತದೆ. ಅಪೊಪ್ಟೋಸಿಸ್. ಜೀವ್ಯಾಡ್ ಕ್ಯಾಸ್ಪೇಸ್‌ಗಳ ಬಾಯಿಗೆ ಬೀಗ, ಅಂದರೆ ನೀರುಗಂಟಿಯ ಕೈ ಕಟ್ಟಿ ಹಾಕಿದ ಹಾಗೆ. ನೆಕ್ರೊಪ್ಟೋಸಿಸ್. ನೆಕ್ರೊಸ್ಟಾಟಿನ್ ರಿಪ್‌ಕೆ1ರ ಕೈನೇಸ್ ಕೆಲಸ ನಿಲ್ಲಿಸುತ್ತದೆ. 2005ರಲ್ಲಿ ಈ ಔಷಧಿ ಮೊದಲು ಬಂತು, ಅದು ಹಿಡಿಯುವುದು ರಿಪ್‌ಕೆ1 ಅನ್ನೇ ಅಂತ ಗೊತ್ತಾಗಿದ್ದು 2008ರಲ್ಲಿ. ಹಳೇ ನೆಕ್ರೊಸ್ಟಾಟಿನ್-1 ಬೇರೆ ಒಂದು ಎಂಜೈಮ್‌ನ್ನೂ ತಡೆಯುತ್ತದೆ. ಕೊಳ್ಳುವಾಗ ಕೊನೆಯ 'ಎಸ್' ಇದೆಯಾ ನೋಡಿಕೊಳ್ಳಿ.

ಟಿಎನ್‌ಎಫ್ ಬಗ್ಗೆ ಒಂದು ಮಾತು. ಬಂದ ದಿನವೇ ಚಿಕ್ಕ ಚಿಕ್ಕ ಟ್ಯೂಬ್‌ಗೆ ಹಂಚಿ ಮೈನಸ್ 80ರಲ್ಲಿ ಇಡಿ. ಒಂದು ಸಲ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಉಳಿದ ಐದು ಮೈಕ್ರೊಲೀಟರ್ ನೋಡಿ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೂ ಬೇಡ.

ಎಷ್ಟು ಹೊತ್ತು? ನನ್ನ ಲೆಕ್ಕ ರೈಲಿನದು. ಬೆಳಿಗ್ಗೆ 9:30ಕ್ಕೆ ಟಿಎನ್‌ಎಫ್, ಸಂಜೆ 5:30ಕ್ಕೆ 8 ಗಂಟೆ, 6:30ರೊಳಗೆ ಲೈಸೇಟ್ ಫ್ರೀಜರ್‌ಗೆ. "ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ತೆಗೀತೀನಿ ಅಕ್ಕ" ಅನ್ನುವವರು ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ. ಬೇಡ. ನಾಲ್ಕನೇ ಡಿಶ್‌ನಲ್ಲಿ ಜೀವಕೋಶ ಒಡೆಯುತ್ತದೆ, ಒಡೆದರೆ ಪ್ರೋಟೀನ್ ಮೀಡಿಯಾಕ್ಕೆ ಸೋರುತ್ತದೆ. ಬೆಳಿಗ್ಗೆಗೆ ನಿಮ್ಮ ಕೈಗೆ ಸಿಗುವುದು ಖಾಲಿ ಚೀಲ.

ತೆಗೆಯುವ ಮುಂಚೆ ಮೈಕ್ರೊಸ್ಕೋಪ್‌ನಲ್ಲಿ ನೋಡಿ. ದಯವಿಟ್ಟು ನೋಡಿ, ಫೋಟೋ ತೆಗೆಯಿರಿ. ಮೂರನೇ ಡಿಶ್‌ನಲ್ಲಿ ಜೀವಕೋಶ ಕುಗ್ಗಿರುತ್ತದೆ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ಮುದ್ದೆಗೆ ಇಟ್ಟ ಎಸರಿನಲ್ಲಿ ಹಿಟ್ಟು ಕುದಿಯುವಾಗ ಏಳುತ್ತವಲ್ಲ, ಹಾಗೆ. ನಾಲ್ಕನೇ ಡಿಶ್‌ನಲ್ಲಿ ಬೇರೆ ನೋಟ. ಎಣ್ಣೆಗೆ ಬಿಟ್ಟ ಪೂರಿ ಹಾಗೆ ಇಡೀ ಜೀವಕೋಶ ಉಬ್ಬಿ ದುಂಡಗಾಗಿರುತ್ತದೆ, ಒಳಗೆ ಮಸುಕು. ಕೆಲವು ಒಡೆದು ಬರೀ ನೆರಳು ಉಳಿದಿರುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಕಾಣದಿದ್ದರೆ ಬ್ಲಾಟ್‌ನಲ್ಲೂ ಕಾಣುವುದು ಕಷ್ಟ. ಅವತ್ತು ಅಲ್ಲಿಗೇ ನಿಲ್ಲಿಸಿ ಔಷಧಿ ಸರಿಯಿದೆಯಾ ನೋಡುವುದು ಮೇಲು.

ಕೊಯ್ಲು

ಇದೇ ನಾನು ಎಡವಿದ ಜಾಗ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಥರ್ಮೊಕೋಲ್ ಡಬ್ಬದಲ್ಲಿ ಐಸ್ ತುಂಬಿ ಅದರ ಮೇಲೆ ಡಿಶ್ ಇಡಿ. ಪ್ರತಿ ಡಿಶ್‌ಗೆ ಒಂದು 15 ಮಿಲಿಲೀಟರ್ ಟ್ಯೂಬ್, ಮುಚ್ಚಳದ ಮೇಲೂ ಮೈಮೇಲೂ ನಂಬರ್. ಮೀಡಿಯಾವನ್ನು ಹೀರುವ ಪಂಪ್‌ನಿಂದ ತೆಗೆಯಬೇಡಿ, ಪಿಪೆಟ್‌ನಿಂದ ಎತ್ತಿ ಟ್ಯೂಬ್‌ಗೆ ಹಾಕಿ. ಒಂದು ಮಿಲಿಲೀಟರ್ ತಣ್ಣನೆಯ ಪಿಬಿಎಸ್‌ನಿಂದ ಡಿಶ್ ತೊಳೆದು, ಆ ತೊಳೆದ ನೀರನ್ನೂ ಅದೇ ಟ್ಯೂಬ್‌ಗೆ. ಅನ್ನದ ತಪ್ಪಲೆ ತೊಳೆದ ನೀರನ್ನು ಹಸುವಿನ ಕಲಗಚ್ಚಿಗೆ ಹಾಕುವುದಿಲ್ಲವೇ, ಹಾಗೆ. ಆಮೇಲೆ ತಳದಲ್ಲಿ ಅಂಟಿರುವುದನ್ನು ಪಿಬಿಎಸ್ ಹಾಕಿಕೊಂಡು ಸ್ಕ್ರೇಪರ್‌ನಿಂದ ಒಂದೇ ದಿಕ್ಕಿಗೆ ಕೆರೆಯಿರಿ. ಅದೂ ಅದೇ ಟ್ಯೂಬ್‌ಗೆ. ಸೆಂಟ್ರಿಫ್ಯೂಜ್‌ನಲ್ಲಿ 4 ಡಿಗ್ರಿಯಲ್ಲಿ 500 ಜಿ, ಐದು ನಿಮಿಷ ತಿರುಗಿಸಿ. ತಳದಲ್ಲಿ ಬಿಳಿ ಪೆಲೆಟ್ ಕೂರುತ್ತದೆ. ಸತ್ತವರು, ಬದುಕಿದವರು ಎಲ್ಲ ಒಟ್ಟಿಗೆ. ಒಂದು ಸಲ ಪಿಬಿಎಸ್‌ನಲ್ಲಿ ತೊಳೆದು ಮತ್ತೆ ತಿರುಗಿಸಿ. ಸೀರಂನ ಆಲ್ಬುಮಿನ್ ಹೋಗಬೇಕು. ಇಲ್ಲದಿದ್ದರೆ ಬ್ಲಾಟ್‌ನಲ್ಲಿ 66 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಅದು ಕಂಬಳಿ ಹೊದ್ದು ಮಲಗಿ ಅಕ್ಕಪಕ್ಕದ ಬ್ಯಾಂಡ್‌ಗಳನ್ನು ತಳ್ಳುತ್ತದೆ.

ಟ್ರಿಪ್ಸಿನ್ ಹಾಕಿ ಎಬ್ಬಿಸಬಾರದೇ ಅಂತ ಕೇಳುತ್ತಾರೆ. ಅದೂ ಪ್ರೋಟೀನ್ ಕತ್ತರಿಸುವ ಎಂಜೈಮೇ. ಕತ್ತರಿಯ ಗುರುತು ಹುಡುಕಲು ಹೊರಟು ಇನ್ನೊಂದು ಕತ್ತರಿ ಒಳಗೆ ಬಿಡುವುದು ಯಾಕೆ?

ಲೈಸಿಸ್‌ಗೆ ಎಲ್ಲರೂ ರಿಪಾ ಬಫರ್ ಬಳಸಿ, ಜೋರಾಗಿ ತಿರುಗಿಸಿ, ಮೇಲಿನ ತಿಳಿ ತೆಗೆದುಕೊಂಡು ಪೆಲೆಟ್ ಎಸೆಯುತ್ತಾರೆ. ಕ್ಯಾಸ್ಪೇಸ್-8ಗೆ ಅಷ್ಟು ಸಾಕು. ನಾಲ್ಕನೇ ಡಿಶ್‌ಗೆ ಸಾಲದು. ನೆಕ್ರೊಪ್ಟೋಸಿಸ್‌ನಲ್ಲಿ ರಿಪ್‌ಕೆ1, ರಿಪ್‌ಕೆ3 ಒಂದಕ್ಕೊಂದು ಹೆಣೆದುಕೊಂಡು ನಾರಿನಂತಹ ಕಟ್ಟು ಆಗುತ್ತವೆ. ಆಲ್ಝೈಮರ್ ಕಾಯಿಲೆಯಲ್ಲಿ ಮಿದುಳಲ್ಲಿ ಕೂರುವ ಅಮೈಲಾಯ್ಡ್ ಜಾತಿಯದು. ಮೆತ್ತನೆ ಬಫರ್‌ಗೆ ಅದು ಕರಗುವುದಿಲ್ಲ, ಎಸೆದ ಪೆಲೆಟ್‌ನಲ್ಲೇ ಹೋಗಿಬಿಡುತ್ತದೆ. "ಔಷಧಿ ಹಾಕಿದ ಮೇಲೆ ರಿಪ್‌ಕೆ1 ಕಡಿಮೆಯಾಯಿತು" ಅಂತ ಬರೆದುಬಿಡುತ್ತೀರಿ. ಕಡಿಮೆಯಾಗಿಲ್ಲ, ಕಸದ ಡಬ್ಬದಲ್ಲಿದೆ. ಅದಕ್ಕೆ ನಾನು ಐದಕ್ಕೂ ನೇರವಾಗಿ 2 ಪರ್ಸೆಂಟ್ ಎಸ್‌ಡಿಎಸ್ (ಗಟ್ಟಿ ಡಿಟರ್ಜೆಂಟ್) ಇರುವ ಬಫರ್ ಹಾಕಿ, 95 ಡಿಗ್ರಿಯಲ್ಲಿ ಐದು ನಿಮಿಷ ಬೇಯಿಸುತ್ತೇನೆ. ಡಿಎನ್‌ಎ ಬಿಚ್ಚಿಕೊಂಡು ಲೋಳೆಸರದ ಹಾಗೆ ಎಳೆ ಎಳೆ ಬರುತ್ತದೆ. ಸಣ್ಣ ಸೂಜಿಯ ಸಿರಿಂಜ್‌ನಲ್ಲಿ ಹತ್ತು ಹದಿನೈದು ಸಲ ಎಳೆದು ಬಿಟ್ಟರೆ ಸರಿಹೋಗುತ್ತದೆ. ಸೋನಿಕೇಟರ್ ಇದ್ದರೆ ಇನ್ನೂ ಸುಲಭ.

ಪ್ರೋಟೀನ್ ಅಳೆಯಲು ಬಿಸಿಎ ವಿಧಾನ. ಇನ್ನೊಂದು ವಿಧಾನ ಬ್ರಾಡ್‌ಫೋರ್ಡ್ ಇಷ್ಟು ಎಸ್‌ಡಿಎಸ್ ತಡೆಯುವುದಿಲ್ಲ. ಡಿಟಿಟಿ, ನೀಲಿ ಬಣ್ಣ ಇವನ್ನು ಅಳೆದಾದ ಮೇಲೆ ಹಾಕಿ, ಮುಂಚೆ ಹಾಕಿದರೆ ಬಿಸಿಎ ಲೆಕ್ಕ ಕೆಡುತ್ತದೆ.

ಜೆಲ್, ಟ್ರಾನ್ಸ್‌ಫರ್, ಹಾಲು

ಇದು ಎಲ್ಲ ಬ್ಲಾಟ್‌ನಂತೆಯೇ, ಹಾಗಾಗಿ ಬೇಗ ಹೇಳುತ್ತೇನೆ. 12 ಪರ್ಸೆಂಟ್ ಜೆಲ್, ಲೇನ್‌ಗೆ 30 ಮೈಕ್ರೊಗ್ರಾಂ. ಅಕ್ರಿಲಮೈಡ್ ಗಟ್ಟಿಯಾಗುವವರೆಗೆ ನರಗಳಿಗೆ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ನಮಗೆ 18 ಕಿಲೋಡಾಲ್ಟನ್‌ನ ಚಿಕ್ಕ ತುಂಡು ಬೇಕು. ಬಣ್ಣ ಕೆಳಗೆ ಮುಟ್ಟಿದ ಕೂಡಲೇ ನಿಲ್ಲಿಸಿ, ಟೀ ಕುಡಿಯಲು ಹೋದರೆ ಅದು ಜೆಲ್‌ನಿಂದ ಆಚೆ ಹೋಗಿರುತ್ತದೆ. ಮೆಂಬ್ರೇನ್ 0.2 ಮೈಕ್ರಾನ್ ಪಿವಿಡಿಎಫ್. 0.45 ಆದರೆ ಚಿಕ್ಕ ತುಂಡು ಹಿಟ್ಟು ಜರಡಿಯಲ್ಲಿ ಇಳಿದ ಹಾಗೆ ಇಳಿದುಹೋಗುತ್ತದೆ. ಮೆಥನಾಲ್‌ನಲ್ಲಿ ಅದ್ದಿ ತೆಗೆದು, ವೆಟ್ ಟ್ರಾನ್ಸ್‌ಫರ್, 100 ವೋಲ್ಟ್, ಒಂದೂವರೆ ಗಂಟೆ, ಸುತ್ತ ಐಸ್. ಆಮೇಲೆ ಪಾನ್ಸೋ ಬಣ್ಣ ಹಾಕಿ ಲೇನ್‌ಗಳು ಸಮವಾಗಿವೆಯಾ ನೋಡಿ, ಫೋಟೋ ಇಟ್ಟುಕೊಳ್ಳಿ.

ಬ್ಲಾಕಿಂಗ್‌ಗೆ ಕೆನೆ ತೆಗೆದ ಹಾಲಿನ ಪುಡಿ, 5 ಪರ್ಸೆಂಟ್. ಮನೆಯಲ್ಲಿ ಅಮ್ಮ ದಿನಾ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾರೆ. ನಾನು ಇಲ್ಲಿ ಮೆಂಬ್ರೇನ್‌ಗೆ ಹಾಲು ಕುಡಿಸುತ್ತೇನೆ ಅಂದರೆ ನಗುತ್ತಾರೆ. ಆದರೆ ಫಾಸ್ಫೇಟ್ ಹಿಡಿಯುವ ಆ್ಯಂಟಿಬಾಡಿಗೆ ಹಾಲು ಬೇಡ. ಹಾಲಿನ ಕೇಸಿನ್ ಮೈತುಂಬ ಫಾಸ್ಫೇಟ್. ಮೆಂಬ್ರೇನ್ ಎಲ್ಲ ಮಬ್ಬಾಗುವ ಅಪಾಯ ಇದೆ. ಅದಕ್ಕೆ ಬಿಎಸ್‌ಎ, ಅಂದರೆ ದನದ ಸೀರಂನ ಆಲ್ಬುಮಿನ್ ಬಳಸಿ. ಫಾಸ್ಫೋ ಆ್ಯಂಟಿಬಾಡಿ ಮೊದಲು, ಉಳಿದವು ಆಮೇಲೆ. ರಾತ್ರಿ 4 ಡಿಗ್ರಿಯಲ್ಲಿ ಅಲುಗಾಡುತ್ತಿರಲಿ.

ಎಲ್ಲ ಲೇನ್‌ಗೂ ಸಮ ಪ್ರೋಟೀನ್ ಬಿದ್ದಿದೆಯಾ ಅಂತ ತೋರಿಸುವ ಲೋಡಿಂಗ್ ಕಂಟ್ರೋಲ್‌ಗೆ ಕೈಗೆ ಸಿಕ್ಕ ಆಕ್ಟಿನ್ ಹಾಕಬೇಡಿ. ಅದು 42ರ ಹತ್ತಿರ ಬರುತ್ತದೆ. ಕ್ಯಾಸ್ಪೇಸ್-8ರ ಅರ್ಧ ಕತ್ತರಿಸಿದ ತುಂಡು 43 ಮತ್ತು 41. ರಿಪ್‌ಕೆ1ರ ತುಂಡೂ ಅಲ್ಲೇ 40ರ ಕೆಳಗೆ. ಟ್ಯೂಬುಲಿನ್ 55ರಲ್ಲಿ ಬಂದು ಇಡೀ ಕ್ಯಾಸ್ಪೇಸ್-8 ಮೇಲೆ ಕೂರುತ್ತದೆ. ನಾನು ವಿಂಕ್ಯುಲಿನ್ ಹಾಕುತ್ತೇನೆ, 120ರ ಮೇಲೆ ಒಬ್ಬನೇ ನಿಂತಿರುತ್ತದೆ, ಯಾರ ತಂಟೆಗೂ ಬರುವುದಿಲ್ಲ.

ಓದುವುದು

ಕ್ಯಾಸ್ಪೇಸ್-8ಗೆ 1ಸಿ12 ಅನ್ನುವ ಇಲಿಯ ಆ್ಯಂಟಿಬಾಡಿ ಮನುಷ್ಯರ ಜೀವಕೋಶದಲ್ಲಿ ಇಡಿಯದನ್ನೂ ತುಂಡನ್ನೂ ಎರಡನ್ನೂ ತೋರಿಸುತ್ತದೆ. ಬರೀ ಇಡಿಯದನ್ನು ಹಿಡಿಯುವ ಆ್ಯಂಟಿಬಾಡಿ ಕೊಂಡರೆ, ಬ್ಯಾಂಡ್ ತೆಳುವಾಗಿದ್ದು ಕತ್ತರಿಸಿದ್ದಕ್ಕೋ, ಲೋಡ್ ಕಡಿಮೆಯಾಗಿದ್ದಕ್ಕೋ ಗೊತ್ತಾಗುವುದಿಲ್ಲ.

ಒಂದನೇ ಲೇನ್‌ನಲ್ಲಿ 55-57ರ ಹತ್ತಿರ ಒಂದರ ಕೆಳಗೆ ಒಂದು ಎರಡು ಗೆರೆ. ಇದು ನಿಮ್ಮ ತಪ್ಪಲ್ಲ. ಈ ಜೀನ್‌ನಿಂದ ಎ, ಬಿ ಅಂತ ಎರಡು ರೂಪ ಬರುತ್ತವೆ. ಎರಡನೇ ಲೇನ್ ಹೆಚ್ಚುಕಮ್ಮಿ ಅದೇ ಥರ ಇರಬೇಕು. ಬರೀ ಟಿಎನ್‌ಎಫ್‌ಗೇ ಜಾಸ್ತಿ ಕತ್ತರಿಸಿದ್ದು ಕಂಡರೆ ಜೀವಕೋಶಗಳು ಮೊದಲೇ ಸುಸ್ತಾಗಿದ್ದವು ಅಂತ ನನ್ನ ಗುಮಾನಿ. ಮೈಕೊಪ್ಲಾಸ್ಮಾ (ಕಲ್ಚರ್‌ನಲ್ಲಿ ಕಣ್ಣಿಗೆ ಕಾಣದೆ ಸೇರುವ ಬ್ಯಾಕ್ಟೀರಿಯಾ) ಟೆಸ್ಟ್ ಮಾಡಿಸಿ.

ಮೂರನೇ ಲೇನ್ ನೋಡಲು ಚೆಂದ. ಮೇಲಿನ ಜೋಡಿ ತೆಳುವಾಗಿ, 43-41ರಲ್ಲಿ ಇನ್ನೊಂದು ಜೋಡಿ, ಕೆಳಗೆ 18ರಲ್ಲಿ ಒಂದು ಗೆರೆ. ಎರಡೆರಡು ರೂಪ ಇದ್ದುದಕ್ಕೇ ತುಂಡೂ ಎರಡೆರಡು. 43-41 ಅಂದರೆ ಕತ್ತರಿ ಅರ್ಧ ಬಿಚ್ಚಿಕೊಂಡಿದೆ. 18 ಬಂದರೆ ಪೂರ್ತಿ ಬಿಚ್ಚಿ ಕೊಕ್ಕೆ ಬಿಟ್ಟು ಹೊರಟಿದೆ. 18 ಯಾವಾಗಲೂ ಮಂಕು, ಇಮೇಜರ್‌ನಲ್ಲಿ ಒಂದು ಚಿಕ್ಕ ಎಕ್ಸ್‌ಪೋಷರ್, ಒಂದು ಉದ್ದದ ಎಕ್ಸ್‌ಪೋಷರ್ ಎರಡೂ ತೆಗೆಯಿರಿ. ಇದೇ ಲೇನ್‌ನಲ್ಲಿ ರಿಪ್‌ಕೆ1 ನೋಡಿ. ಇಡಿಯದು 78ರ ಹತ್ತಿರ. ಅದು ತೆಳುವಾಗಿ, 40ರ ಕೆಳಗೆ ತುಂಡು ಬಂದಿರಬೇಕು. 671 ಅಮೈನೊ ಆಮ್ಲದ ಎಳೆಯನ್ನು 324ರಲ್ಲಿ ಕತ್ತರಿಸಿದರೆ ಹತ್ತಿರ ಹತ್ತಿರ ಅರ್ಧರ್ಧ ತಾನೇ? ಯಾವ ಅರ್ಧ ಕಾಣುತ್ತದೆ ಅನ್ನುವುದು ನಿಮ್ಮ ಆ್ಯಂಟಿಬಾಡಿ ಯಾವ ತುದಿ ಹಿಡಿಯುತ್ತದೆ ಅನ್ನುವುದರ ಮೇಲೆ. ಡೇಟಾಶೀಟ್ ಓದಿ.

ನಾಲ್ಕನೇ ಲೇನ್‌ನಲ್ಲಿ 18 ಇರಬಾರದು. 43-41 ಸ್ವಲ್ಪ ಕಂಡರೆ ಗಾಬರಿ ಬೇಡ, ಮೊದಲ ಕಡಿತವನ್ನು ಜೀವ್ಯಾಡ್ ಪೂರ್ತಿ ತಡೆಯುವುದಿಲ್ಲ. ರಿಪ್‌ಕೆ1 ಇಡಿಯಾಗಿರುತ್ತದೆ. ಅದರ 166ನೇ ಸೆರೀನ್ ಮೇಲೆ ಫಾಸ್ಫೇಟ್, ಎಂಎಲ್‌ಕೆಎಲ್‌ನ 358ನೇ ಸೆರೀನ್ ಮೇಲೆ ಫಾಸ್ಫೇಟ್. ಈ ಎರಡು ಬ್ಯಾಂಡ್ ಇಲ್ಲಿ ಕಪ್ಪಗೆ ಬಂದು, ಐದನೇ ಲೇನ್‌ನಲ್ಲಿ ಮಾಯವಾದರೆ ನಿಮ್ಮ ಕೆಲಸ ಆಯಿತು. ಐದನೇ ಡಿಶ್‌ನ ಜೀವಕೋಶಗಳು ಮೈಕ್ರೊಸ್ಕೋಪ್‌ನಲ್ಲಿ ಒಂದನೇ ಡಿಶ್‌ನಂತೆಯೇ ಕಂಡಿರಬೇಕು. ಇಲ್ಲೇ ಮಕ್ಕಳು ಅವಸರ ಮಾಡುವುದು. ಐದನೇ ಲೇನ್ ಹಾಕದೆ, ಜೀವ್ಯಾಡ್ ಹಾಕಿದರೂ ಸತ್ತಿತು, ಹಾಗಾಗಿ ನೆಕ್ರೊಪ್ಟೋಸಿಸ್ ಅಂತ ಬರೆಯುತ್ತಾರೆ. ಜೀವಕೋಶ ಸಾಯಲು ಬೇರೆ ನೂರು ದಾರಿ ಇವೆ. ರಿಪ್‌ಕೆ1 ತಡೆದಾಗ ಸಾವು ನಿಂತರೆ ಮಾತ್ರ ರಿಪ್‌ಕೆ1 ಹೆಸರು ಹೇಳಿ.

ಬ್ಯಾಂಡ್‌ಗಳನ್ನು ಇಮೇಜ್ ಜೆ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅಳೆಯುವಾಗ 18ನ್ನು ಮಾತ್ರ ಅಳೆಯಬೇಡಿ, ಇಡಿಯದಕ್ಕೆ ಹೋಲಿಸಿ ಅಳೆಯಿರಿ. ಮೂರು ಬೇರೆ ಬೇರೆ ದಿನದ ಡಿಶ್‌ಗಳಿಂದ ಮೂರು ಬ್ಲಾಟ್ ಬೇಕು. ಒಂದೇ ಲೈಸೇಟ್ ಮೂರು ಸಲ ಓಡಿಸಿ ಮೂರು ಅಂದರೆ ನಮ್ಮ ಮೇಡಂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಮೆಂಬ್ರೇನ್ ಕತ್ತರಿಸದೆ ಇಡೀ ಫೋಟೋ ಇಟ್ಟುಕೊಳ್ಳಿ, ಜರ್ನಲ್‌ನವರು ಕೇಳುತ್ತಾರೆ.

ಕೊನೆಗೆ ಬೆಂಚ್ ಒರೆಸುವ ಕೆಲಸ. ಜೀವಕೋಶ ಮುಟ್ಟಿದ ಮೀಡಿಯಾಕ್ಕೆ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಟ್ಟು ಚೆಲ್ಲಿ. ಟ್ರಾನ್ಸ್‌ಫರ್ ಬಫರ್‌ನಲ್ಲಿ ಮೆಥನಾಲ್ ಇದೆ, ಅದು ವೇಸ್ಟ್ ಕ್ಯಾನ್‌ಗೆ, ಸಿಂಕ್‌ಗೆ ಅಲ್ಲ. ಮಿಕ್ಕ ಲೈಸೇಟ್ ಮೈನಸ್ 80ಕ್ಕೆ, ತಾರೀಖು ಬರೆದು. ಪಾನ್ಸೋ ಬಣ್ಣವನ್ನು ಬಾಟಲಿಗೇ ವಾಪಸ್ ಸುರಿಯಿರಿ, ಇನ್ನೂ ಹತ್ತು ಬ್ಲಾಟ್‌ಗೆ ಬರುತ್ತದೆ.